ಬೋರ್ಡಿನ ಸಣ್ಣ ಶೆಡ್ಡಿಗೆ ಯಾವ ಕಟ್ಟಿಂಗ್ ಮಷಿನ್? ಲೇಸರಾ, ಸಿಎನ್‌ಸಿಯಾ, ಕೈಯಲ್ಲೇ ಸಾಕಾ

ಉಡುಪಿ, ಕಾಪು, ಸುರತ್ಕಲ್ ಕಡೆಯಿಂದ ಹೊಸತಾಗಿ ಬೋರ್ಡಿನ, ಅಂದ್ರೆ ಅಂಗಡಿ ಮನೆಯ ನಾಮಫಲಕದ, ಕೆಲಸ ಶುರು ಮಾಡಿದ ಹುಡುಗರು ಫೋನ್ ಮಾಡಿದ್ರೆ ಹೆಚ್ಚಾಗಿ ಕೇಳುದು ಒಂದೇ ಪ್ರಶ್ನೆ, "ಅಣ್ಣಾ, ಲೇಸರ್ ತಗೊಳ್ಳುದಾ ಸಿಎನ್‌ಸಿ ತಗೊಳ್ಳುದಾ?" ಲೇಸರ್ ಅಂದ್ರೆ ಬೆಳಕಿನ ಕಿರಣದಲ್ಲಿ ಕೊಯ್ಯುವ ಮಷಿನ್, ಸಿಎನ್‌ಸಿ ಅಂದ್ರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಿರುಗುವ ಬಿಟ್ (ಡ್ರಿಲ್ಲಿನ ಹಾಗಿನ ಕೊಯ್ಯುವ ಸಲಾಕೆ) ಓಡಿಸಿ ಕೊಯ್ಯುವ ಮಷಿನ್. ನಾನು ಉತ್ತರ ಹೇಳುವ ಮೊದಲು ತಿರುಗಿ ಕೇಳ್ತೇನೆ, ಕಳೆದ ಮೂರು ತಿಂಗಳಿನ ಬಿಲ್ ಬುಕ್ ತೆಗೆದು ನೋಡಿದ್ದೀಯಾ, ಯಾವ ಶೀಟು ಎಷ್ಟು ಹೋಗಿದೆ, ಕೊಯ್ದ ಅಕ್ಷರದಲ್ಲಿ ಎಲ್ಲಕ್ಕಿಂತ ಸಣ್ಣದು ಎಷ್ಟು ಇಂಚು ಇತ್ತು ಅಂತ. ಇದೆರಡು ಗೊತ್ತಾದ್ರೆ ಮಷಿನ್ ಯಾವುದು ಅಂತ ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗ್ತದೆ. ಫೋನಲ್ಲಿ ಒಬ್ಬೊಬ್ಬನಿಗೂ ಅರ್ಧರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿ ಬರಿತಾ ಇದ್ದೇನೆ, ಸ್ವಲ್ಪ ಉದ್ದ ಉಂಟು, ಆದ್ರೆ ಸಾಲ ಮಾಡಿ ತಗೊಳ್ಳುವ ವಸ್ತುವಿನ ವಿಷಯ ಆದ ಕಾರಣ ನಿಧಾನಕ್ಕೆ ಓದಿ.

ನಮ್ಮ ಊರಲ್ಲಿ ಬರುವ ಕೆಲಸ ಎಂತದ್ದು ಅಂತ ಮೊದಲು ನೋಡುವ. ಅಂಗಡಿಯ ಮುಂದಿನ ದೊಡ್ಡ ಬೋರ್ಡಿಗೆ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಶೀಟ್), 3 ಎಂಎಂ ಇಲ್ಲದಿದ್ರೆ 4 ಎಂಎಂ. ಮನೆಯ ಹೆಸರು, ಡಾಕ್ಟರ ಹೆಸರು, ಖಾಸಗಿ ಬಸ್ಸಿನ ಮುಂದೆ ಲೈಟ್ ಹಾಕುವ ಹೆಸರು ಇದೆಲ್ಲ ಅಕ್ರಿಲಿಕ್, ಹೆಚ್ಚಾಗಿ 3ರಿಂದ 5 ಎಂಎಂ, ಒಮ್ಮೊಮ್ಮೆ 8 ಕೂಡ. ಬ್ರಹ್ಮಕಲಶ, ಕಂಬಳ, ಯಕ್ಷಗಾನ ಮೇಳದ ತಿರುಗಾಟ, ಮದುವೆಯ ಸ್ಟೇಜ್ ಅಂತ ಬಂದ್ರೆ ಸನ್‌ಬೋರ್ಡ್, ಹಗುರದ ಪಿವಿಸಿ ಫೋಮ್ ಶೀಟ್, ಅದು 5 ಎಂಎಂನಿಂದ ಮೇಲೆ. ಮಲ್ಪೆಯಲ್ಲಿ ಬೋಟಿಗೆ ಹೆಸರು ಹಾಕುವವರು ಉಪ್ಪು ನೀರಿಗೆ ತಾಳುವ ಹಾಗಿನ ಶೀಟೇ ಬೇಕು ಅಂತಾರೆ. ಇದರ ಮಧ್ಯೆ ಸ್ಟೀಲಿನ ಅಕ್ಷರ ಬೇಕು ಅನ್ನುವವರು, ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನ ಬೋರ್ಡ್ ಬೇಕು ಅನ್ನುವ ಪಂಚಾಯತಿನವರು. ಒಂದೇ ಮಷಿನ್ ಇದೆಲ್ಲವನ್ನೂ ಕೊಯ್ಯುದಿಲ್ಲ. ಕೊಯ್ತದೆ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ತಗೊಳ್ಳಲೇಬೇಡಿ.

ನಾನು ಈ ಪಾಠ ಕಲಿತದ್ದು ಒಂದೇ ಒಂದು ಅಕ್ಷರದಿಂದ. ಒಂದು ಆಯುರ್ವೇದದ ಅಂಗಡಿಗೆ 3 ಇಂಚಿನ ಅಕ್ಷರದಲ್ಲಿ "ಔಷಧಾಲಯ" ಅಂತ 5 ಎಂಎಂ ಅಕ್ರಿಲಿಕ್ಕಲ್ಲಿ ಮಾಡ್ಲಿಕ್ಕೆ ಇತ್ತು, ಆಗ ನನ್ನ ಹತ್ರ ಲೇಸರ್ ಇರ್ಲಿಲ್ಲ, ಸಿಎನ್‌ಸಿ ಇದ್ದವರ ಹತ್ರ ಕೊಟ್ಟು ಕೊಯ್ಯಿಸಿದೆ. ಅಕ್ಷರ ಎಲ್ಲ ಚೆಂದ ಬಂತು, ಅಂಚು ನೈಸ್ ಇತ್ತು, ಹಚ್ಚಿಯೂ ಆಯ್ತು. ಎರಡು ದಿನ ಬಿಟ್ಟು ಅಂಗಡಿಯ ಹಿರಿಯರು, ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ನನ್ನನ್ನು ಕರೆಸಿ ಬೋರ್ಡಿನ ಕೆಳಗೆ ನಿಲ್ಲಿಸಿ ಓದು ಅಂದ್ರು. ಓದಿದೆ. "ಇನ್ನೊಮ್ಮೆ ಓದು" ಅಂದ್ರು. ಆಗ ಕಂಡಿತು, ಧ ಅಕ್ಷರದ ಹೊಟ್ಟೆ ಸೀಳು ಇಲ್ಲ, "ಔಷದಾಲಯ" ಆಗಿ ಕೂತಿದೆ. ಫೈಲ್ ತೆಗೆದು ನೋಡಿದ್ರೆ ಫೈಲಲ್ಲಿ ಸರಿ ಉಂಟು, ಸೀಳು 2 ಎಂಎಂ ಅಗಲ ಉಂಟು. ಮಷಿನಿಗೆ ಹಾಕಿದ ಬಿಟ್ 3.175 ಎಂಎಂ. ಮೂರು ಎಂಎಂ ದಪ್ಪದ ಬಿಟ್ ಎರಡು ಎಂಎಂ ಸಂದಿಗೆ ಹೋಗುದು ಹೇಗೆ? ಸಾಫ್ಟ್‌ವೇರ್ ಆ ಸೀಳನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಿದೆ, ಎರರ್ ತೋರಿಸುದಿಲ್ಲ, ಏನಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೀಗಾದ್ರೆ ಮೂಲೆ ಸ್ವಲ್ಪ ಉರುಟಾಗ್ತದೆ ಅಷ್ಟೆ, ಕನ್ನಡದಲ್ಲಿ ಅಕ್ಷರವೇ ಬದಲಾಗ್ತದೆ. ದ ಧ, ಡ ಢ, ಬ ಭ, ಪ ಫ, ಎಲ್ಲ ಒಂದು ಸಣ್ಣ ಸೀಳಿನ ಮೇಲೆ ನಿಂತಿದೆ. ಷ ಅಕ್ಷರದ ಒಳಗಿನ ಗೆರೆ, ಒತ್ತಕ್ಷರದ ಒಳಗಿನ ಕಣ್ಣು ಕೂಡ ಹಾಗೆಯೇ. ಆ ಬೋರ್ಡನ್ನು ಪೂರ್ತಿ ನನ್ನ ಖರ್ಚಲ್ಲೇ ಹೊಸತು ಮಾಡಿ ಕೊಟ್ಟೆ.

ಅದಕ್ಕೇ ನಾನು ಮಷಿನ್ ಕ್ಯಾಟಲಾಗ್ ನೋಡುವ ಮೊದಲು ಅಕ್ಷರ ನೋಡಿ ಅಂತ ಹೇಳುದು. ಲೇಸರಿನ ಗೆರೆ ಒಂದು ಎಂಎಂನ ನಾಲ್ಕನೇ ಒಂದು ಪಾಲು ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಸಪೂರವೂ ಬರ್ತದೆ, ಹಾಗಾಗಿ ಒಂದೂವರೆ ಇಂಚಿನ ಕನ್ನಡ ಅಕ್ಷರದಲ್ಲೂ ಸೀಳು ಉಳಿತದೆ. ಸಿಎನ್‌ಸಿಯಲ್ಲಿ ಬಿಟ್ಟಿನ ದಪ್ಪಕ್ಕಿಂತ ಸಪೂರದ ಸಂದಿ ಬರುದೇ ಇಲ್ಲ, ಒಳಗಿನ ಮೂಲೆ ಯಾವಾಗಲೂ ಬಿಟ್ಟಿನ ಅರ್ಧದಷ್ಟು ಉರುಟಾಗಿಯೇ ಇರ್ತದೆ. 2 ಎಂಎಂ, ಒಂದೂವರೆ ಎಂಎಂ ಬಿಟ್ ಸಿಗ್ತದೆ, ಆದ್ರೆ ನಿಧಾನ ಓಡಿಸ್ಬೇಕು, ಎರಡು ಮೂರು ಸರ್ತಿಯಲ್ಲಿ ಇಳಿಸ್ಬೇಕು, ಸ್ವಲ್ಪ ಅವಸರ ಮಾಡಿದ್ರೆ ಕಡಿದು ಹೋಗ್ತದೆ. ನನ್ನ ಲೆಕ್ಕ ಹೀಗೆ: ಒತ್ತಕ್ಷರ ಇರುವ ಕನ್ನಡ ಹೆಸರು 5 ಇಂಚಿಗಿಂತ ದೊಡ್ಡದು ಇದ್ರೆ ಸಿಎನ್‌ಸಿಯಲ್ಲಿ ಧೈರ್ಯವಾಗಿ ಕೊಯ್ಯಬಹುದು, ಅದಕ್ಕಿಂತ ಸಣ್ಣದಾದ್ರೆ ಲೇಸರೇ. ಫಾಂಟ್ ಮೇಲೆ ಸ್ವಲ್ಪ ಹೆಚ್ಚು ಕಮ್ಮಿ ಆಗ್ತದೆ, ದಪ್ಪ ಫಾಂಟಲ್ಲಿ ಸೀಳು ಇನ್ನೂ ಸಪೂರ ಇರ್ತದೆ, ಗಮನ ಇರಲಿ.

ಇನ್ನೊಂದು ವಿಷಯ, ಬೋರ್ಡಲ್ಲಿ 60% ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಮೊದಲು ಮೂಲೆಯಲ್ಲಿ ಸಣ್ಣಕ್ಕೆ ಬರಿತಿದ್ದ ಕನ್ನಡ ಈಗ ಮೇಲೆ ದೊಡ್ಡದಾಗಿ ಬರ್ತಾ ಉಂಟು, ನನಗೆ ಅದು ಬಹಳ ಖುಷಿ. ಆದ್ರೆ ರೇಟ್ ಹಾಕುವಾಗ ಜನ ಇನ್ನೂ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲೇ ಹಾಕ್ತಾರೆ. ಕನ್ನಡ ಅಕ್ಷರದ ಗೆರೆ ಸುತ್ತಿ ಬಳಸಿ ಹೋಗ್ತದೆ, ಅದೇ ಎತ್ತರದ ಇಂಗ್ಲಿಷ್ ಅಕ್ಷರಕ್ಕಿಂತ ಗೆರೆಯ ಉದ್ದ ಜಾಸ್ತಿ, ಹಾಗಾಗಿ ಮಷಿನ್ ಓಡುವ ಸಮಯವೂ ಜಾಸ್ತಿ. ಅಕ್ಷರ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ. ಮತ್ತೆ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್ ಮಾಡಿದ (ಬರೀ ಗೆರೆಯಾಗಿ ಬದಲಿಸಿದ) ಮೇಲೆ ವೆಲ್ಡ್ ಮಾಡುದನ್ನು (ಆ ಆಕಾರಗಳನ್ನೆಲ್ಲ ಒಂದೇ ಗೆರೆಯಾಗಿ ಸೇರಿಸುದನ್ನು) ಮರೀಬೇಡಿ, ಕೊಂಬು ದೀರ್ಘ ಒತ್ತಕ್ಷರ ಒಂದರ ಮೇಲೊಂದು ಹತ್ತಿ ಕೂತಿರ್ತದೆ, ಹಾಗೇ ಕಳಿಸಿದ್ರೆ ಲೇಸರ್ ಅಕ್ಷರದ ನಡುವೆಯೇ ಅಡ್ಡ ಕೊಯ್ದು ಹಾಕ್ತದೆ.

ಈಗ ಕೈಯ ಕೆಲಸ. ಹೊಸತಾಗಿ ಶುರು ಮಾಡುವವರು ಇದನ್ನು ಕಡೆಗಣಿಸಬಾರದು, ಇದು ಕೆಲವು ಸಾವಿರದಲ್ಲಿ ಮುಗಿತದೆ, ಉಳಿದದ್ದೆಲ್ಲ ಲಕ್ಷದ ಮಾತು. ಒಳ್ಳೆ ಕಟ್ಟರ್, ದಪ್ಪದ ಸ್ಟೀಲ್ ಪಟ್ಟಿ ಇದ್ರೆ 5 ಎಂಎಂ ಸನ್‌ಬೋರ್ಡ್ ಎರಡು ಮೂರು ಸರ್ತಿ ಎಳೆದ್ರೆ ನೇರ ಬರ್ತದೆ. ಅಕ್ರಿಲಿಕ್ 3 ಎಂಎಂ ತನಕ ಕೊಕ್ಕೆ ಬಾಯಿಯ ಕಟ್ಟರಲ್ಲಿ ಐದಾರು ಸರ್ತಿ ಗೀರಿ ಮೇಜಿನ ಅಂಚಿಗೆ ಇಟ್ಟು ಮುರಿಯಬಹುದು, ನೇರ ಗೆರೆ ಮಾತ್ರ. ಜಿಗ್‌ಸಾ ಬೇಕೇ ಬೇಕು, ಆದ್ರೆ ಅಕ್ರಿಲಿಕ್‌ಗೆ ಹಾಕುವಾಗ ಸ್ಪೀಡ್ ಕಮ್ಮಿ ಇಡಿ, ಮೇಲಿನ ಪೇಪರ್ ತೆಗಿಬೇಡಿ, ಇಲ್ಲದಿದ್ರೆ ಕೊಯ್ದದ್ದು ಹಿಂದಿನಿಂದಲೇ ಕರಗಿ ಅಂಟಿಕೊಳ್ತದೆ. ಎಸಿಪಿಗೆ ಸರ್ಕ್ಯುಲರ್ ಸಾ ಮತ್ತು ಅಲ್ಯೂಮಿನಿಯಂ ಪಟ್ಟಿಯ ಗೈಡ್, ಕಾರ್ಬೈಡ್ ಹಲ್ಲಿನ, ಹಲ್ಲು ಜಾಸ್ತಿ ಇರುವ ಬ್ಲೇಡ್. ಮಡಚುವ ಗೆರೆಗೆ ಕೈಯಲ್ಲಿ ಹಿಡಿಯುವ ಟ್ರಿಮ್ಮರಿಗೆ ವಿ ಆಕಾರದ ಬಿಟ್ ಹಾಕಿ ಗೈಡಿಗೆ ತಾಗಿಸಿ ಎಳೆದ್ರೆ ಆಯ್ತು. ಈ ಒಂದು ಸೆಟ್ಟಲ್ಲಿ ಮೊದಲ ವರ್ಷದ ಬಾಕ್ಸ್ ಬೋರ್ಡ್ ಎಲ್ಲ ಮಾಡಬಹುದು, ನಾನು ಮಾಡಿದ್ದೇನೆ.

ಒಂದು ಮಾತ್ರ ಕೈಮುಗಿದು ಕೇಳಿಕೊಳ್ತೇನೆ, ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಎಸಿಪಿ ಕೊಯ್ಯಬೇಡಿ. ನಮ್ಮ ಕಡೆ ಸೈಟಲ್ಲಿ ಏಣಿಯ ಮೇಲೆ ನಿಂತುಕೊಂಡೇ ಹಾಗೆ ಮಾಡುವವರನ್ನು ನೋಡಿದ್ದೇನೆ. ಗ್ರೈಂಡರ್ ತಿರುಗುವ ವೇಗಕ್ಕೆ ಆ ಬ್ಲೇಡ್ ಮಾಡಿದ್ದಲ್ಲ, ಶೀಟಲ್ಲಿ ಒಮ್ಮೆ ಸಿಕ್ಕಿಕೊಂಡ್ರೆ ಮಷಿನ್ ನೇರ ನಿಮ್ಮ ಕಡೆಗೇ ಹಾರ್ತದೆ. ನನ್ನ ಒಬ್ಬ ಜೊತೆಗಾರನ ಎಡಗೈಯ ಎರಡು ಬೆರಳು ಈಗಲೂ ಮಡಚಲಿಕ್ಕೆ ಆಗುದಿಲ್ಲ.

ಲೇಸರಿಗೆ ಬರುವ. ಬೋರ್ಡಿನ ಕೆಲಸಕ್ಕೆ ಲೇಸರ್ ಅಂದ್ರೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ಲೇಸರ್, ಗಾಜಿನ ಟ್ಯೂಬಿನದ್ದು. ಸಣ್ಣ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುದು 1390 ಅನ್ನುವ ಸೈಜು, ಅಂದ್ರೆ ಬೆಡ್ 1300×900 ಎಂಎಂ. 8×4 ಶೀಟ್ ಅಂದ್ರೆ 2440×1220, ಅದು ಪೂರ್ತಿ ಇದರಲ್ಲಿ ಕೂರುದಿಲ್ಲ, ಉದ್ದಕ್ಕೆ ಮೂರು ಪಾಲು ಮಾಡಿದ್ರೆ ಒಂದೊಂದು 813 ಎಂಎಂ ಆಗ್ತದೆ, ಆಗ ಸರಿಯಾಗಿ ಕೂರ್ತದೆ. ಶೀಟ್ ತರುವಾಗಲೇ ಅಂಗಡಿಯಲ್ಲಿ ಹಾಗೆ ಮೂರು ತುಂಡು ಮಾಡಿಸಿ ತಂದ್ರೆ ರಿಕ್ಷಾ ಟೆಂಪೋದಲ್ಲಿ ತರ್ಲಿಕ್ಕೂ ಸುಲಭ. ವ್ಯಾಟ್ ವಿಷಯಕ್ಕೆ ಬಂದ್ರೆ ದಿನಾ 3ರಿಂದ 5 ಎಂಎಂ ಕೊಯ್ಯುವವರಿಗೆ 80 ವ್ಯಾಟ್ ಸಾಕು, 8 ಎಂಎಂ ಆಗಾಗ ಬರ್ತದೆ ಅಂತಾದ್ರೆ 100ಕ್ಕೆ ಹೋಗಿ. ಲೇಸರಲ್ಲಿ ಕೊಯ್ದ ಅಕ್ರಿಲಿಕ್ಕಿನ ಅಂಚು ಗಾಜಿನ ಹಾಗೆ ಹೊಳಿತದೆ, ಪಾಲಿಶ್ ಮಾಡುವ ಕೆಲಸವೇ ಇಲ್ಲ, ಮನೆಯ ಹೆಸರಿನ ಬೋರ್ಡಿಗೆ ಅದೇ ಅಂದ.

ಆದ್ರೆ ಲೇಸರಿಗೆ ಹಾಕಬಾರದ್ದು ಉಂಟು, ಇದನ್ನು ಗೋಡೆಗೆ ದೊಡ್ಡದಾಗಿ ಬರೆದು ಹಾಕಿ. ಸನ್‌ಬೋರ್ಡ್ ಅಂದ್ರೆ ಪಿವಿಸಿ. ಅದನ್ನು ಲೇಸರಿಗೆ ಕೊಟ್ರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರ್ತದೆ, ಅದು ಗಂಟಲು ಶ್ವಾಸಕೋಶಕ್ಕೂ ಕೇಡು, ಮಷಿನಿಗೂ ಕೇಡು, ನಮ್ಮ ತೇವದ ಗಾಳಿಯಲ್ಲಿ ಅದು ಆಸಿಡ್ ಆಗಿ ಮಷಿನಿನ ರೈಲಿನ ಮೇಲೆ, ಲೇಸರ್ ತಿರುಗಿಸುವ ಕನ್ನಡಿಯ ಮೇಲೆ ಕೂತು ತುಕ್ಕು ಹಿಡಿಸ್ತದೆ. ವಿನೈಲ್, ಫ್ಲೆಕ್ಸ್ ಕೂಡ ಪಿವಿಸಿಯೇ. ಪಾಲಿಕಾರ್ಬೊನೇಟ್ ಕೊಟ್ರೆ ಹಳದಿ ಕಪ್ಪಾಗಿ ಸುಡ್ತದೆ. ಎಸಿಪಿ ಕೊಟ್ರೆ ಮೇಲಿನ ಅಲ್ಯೂಮಿನಿಯಂ ಲೇಸರನ್ನು ವಾಪಸ್ ಎಸಿತದೆ, ಕೊಯ್ಯುದಿಲ್ಲ. ಯಾವ ಪ್ಲಾಸ್ಟಿಕ್ ಅಂತ ಸಂಶಯ ಇದ್ರೆ ಒಂದು ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಶೀಟಿನ ತುಂಡಿಗೆ ಒತ್ತಿ, ಮತ್ತೆ ಬೆಂಕಿಗೆ ಹಿಡಿಯಿರಿ, ಜ್ವಾಲೆ ಹಸಿರಾದ್ರೆ ಅದರಲ್ಲಿ ಕ್ಲೋರಿನ್ ಉಂಟು, ಲೇಸರಿಗೆ ಬೇಡ. ಈ ಪರೀಕ್ಷೆ ಶೆಡ್ಡಿನ ಹೊರಗೆ ಮಾಡಿ.

ಅಕ್ರಿಲಿಕ್ಕಲ್ಲೂ ಎರಡು ಜಾತಿ, ಅಚ್ಚಿಗೆ ಎರೆದ ಕಾಸ್ಟ್ ಮತ್ತು ಯಂತ್ರದಲ್ಲಿ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್. ಎರಡನೆಯದ್ದು ಕ್ರಯ ಕಮ್ಮಿ, ಲೇಸರಲ್ಲಿ ಚೆಂದವೇ ಕೊಯ್ತದೆ, ತೊಂದರೆ ಬರುದು ಆಮೇಲೆ. ಅಂಚಿಗೆ ಕ್ಲೋರೋಫಾರ್ಮ್ ಹಾಕಿ ಅಂಟಿಸಿದ್ರೆ ಸ್ವಲ್ಪ ಹೊತ್ತಲ್ಲಿ ಜೇಡರ ಬಲೆಯ ಹಾಗೆ ಸಪೂರ ಬಿರುಕು ಒಳಗೆ ಹಬ್ಬಿಕೊಂಡು ಹೋಗ್ತದೆ, ಒಳಗೆ ಎಲ್‌ಇಡಿ ಹಾಕಿದ್ರೆ ಆ ಬಿರುಕೇ ಮೊದಲು ಕಣ್ಣಿಗೆ ಬೀಳುದು. ಸಿಎನ್‌ಸಿಯಲ್ಲಿ ಅದೇ ಶೀಟ್ ಕರಗಿ ಬಿಟ್ಟಿಗೆ ಉಂಡೆಯಾಗಿ ಸುತ್ತಿಕೊಳ್ತದೆ. ಅಂಟಿಸುವ ಕೆಲಸ, ಲೈಟಿನ ಕೆಲಸ ಇದ್ರೆ ಕಾಸ್ಟ್ ಶೀಟೇ ತನ್ನಿ.

ಇನ್ನು ನಮ್ಮ ಕರಾವಳಿಯದ್ದೇ ಆದ ಒಂದು ತೊಂದರೆ, ಇದನ್ನು ಹೊರಗಿನ ಊರಿನ ಮಷಿನ್ ಮಾರುವವರು ಹೇಳುದೇ ಇಲ್ಲ ಯಾಕಂದ್ರೆ ಅವರ ಊರಲ್ಲಿ ಅದು ಇಲ್ಲ. ನನ್ನ ಲೇಸರ್ ಹಾಕಿಸಿದ್ದು ಏಪ್ರಿಲಲ್ಲಿ, ಹಾಕ್ಲಿಕ್ಕೆ ಬಂದ ಇಂಜಿನಿಯರ್ ಚಿಲ್ಲರನ್ನು (ಟ್ಯೂಬಿಗೆ ತಂಪು ನೀರು ಕಳಿಸುವ ಯಂತ್ರ) 18 ಡಿಗ್ರಿಗೆ ಇಟ್ಟು ಹೋದ. ಜೂನಲ್ಲಿ ಮಳೆ ಹಿಡಿದು ಒಂದು ವಾರ ಆಗಿರಬಹುದು, ಬೆಳಿಗ್ಗೆ ಬಂದು ಮಷಿನ್ ಹಾಕಿದೆ, ಅರ್ಧ ಗಂಟೆಯಲ್ಲಿ ಹಿಂದಿನಿಂದ ಚಟ್ ಚಟ್ ಅಂತ ಶಬ್ದ ಬರ್ಲಿಕ್ಕೆ ಶುರು ಆಯ್ತು. ಎಲ್ಲ ಆಫ್ ಮಾಡಿ ಹಿಂದಿನ ಮುಚ್ಚಳ ತೆಗೆದು ನೋಡಿದ್ರೆ ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸಿನ ಹೊರಗೆ ನೀರು ಕೂತ ಹಾಗೆ ಟ್ಯೂಬಿನ ಮೈತುಂಬ ಹನಿ, ಹನಿ ಸೇರಿ ಹೈ ವೋಲ್ಟೇಜ್ ವಯರಿನ ತುದಿಗೆ ಇಳಿದಿದೆ, ಅಲ್ಲಿ ಕಪ್ಪಗೆ ಸುಟ್ಟ ಗುರುತು. ಪವರ್ ಸಪ್ಲೈ ಹೋಯ್ತು, ಕೆಲಸ ಹನ್ನೊಂದು ದಿನ ನಿಂತಿತು. ಮಳೆಗಾಲದಲ್ಲಿ ನಮ್ಮ ಗಾಳಿಯಲ್ಲಿ ಎಷ್ಟು ನೀರು ಇರ್ತದೆ ಅಂದ್ರೆ 24 ಡಿಗ್ರಿಗೆ ತಣ್ಣಗಾದ ಯಾವ ವಸ್ತುವಿನ ಮೇಲೂ ಹನಿ ಕೂರ್ತದೆ. ಹಾಗಾಗಿ ಜೂನಿನಿಂದ ಸಪ್ಟೆಂಬರ್ ತನಕ ಚಿಲ್ಲರ್ 25, 26ರಲ್ಲಿ ಇಡಿ, ಪವರ್ ಸ್ವಲ್ಪ ಇಳಿದ್ರೂ ಅಡ್ಡಿಲ್ಲ. ಇದಕ್ಕಿಂತ ಒಳ್ಳೆದು ಅಂದ್ರೆ ಮಷಿನ್ ಇರುವ ಜಾಗಕ್ಕೆ ಒಂದು ಸಣ್ಣ ಪಾರ್ಟಿಶನ್ ಹಾಕಿ ಎಸಿ ಇಡುದು.

ಚಿಲ್ಲರಲ್ಲೂ ಮೋಸ ಹೋಗಬೇಡಿ. ಸಿಡಬ್ಲ್ಯು 3000 ಅಂತ ಬರುವುದರಲ್ಲಿ ಕಂಪ್ರೆಸರ್ ಇಲ್ಲ, ಅದು ಬರೀ ಫ್ಯಾನ್ ಗಾಳಿಯಲ್ಲಿ ನೀರು ತಂಪು ಮಾಡುದು, ಕೋಣೆಯ ಉಷ್ಣಕ್ಕಿಂತ ಕೆಳಗೆ ಇಳಿಸ್ಲಿಕ್ಕೆ ಅದರಿಂದ ಆಗುದಿಲ್ಲ. ಮಂಗಳೂರಿನ ಏಪ್ರಿಲಲ್ಲಿ ಶೆಡ್ಡಿನ ಒಳಗೆ 34, 35 ಇದ್ರೆ ಟ್ಯೂಬಿನ ನೀರೂ ಅಷ್ಟೇ, ಟ್ಯೂಬಿನ ಆಯುಷ್ಯ ಅಲ್ಲಿಗೇ ಕಮ್ಮಿ ಆಗ್ತಾ ಬರ್ತದೆ. 5000 ಇಲ್ಲ 5200 ಕೇಳಿ. ನೀರು ಡಿಸ್ಟಿಲ್ಡ್ ವಾಟರೇ ಹಾಕಿ, ಬಾವಿ ನೀರು ಎಷ್ಟೇ ತಿಳಿ ಇದ್ರೂ ಬೇಡ, ಕೆಂಪು ಕಲ್ಲಿನ ಊರಿನ ನೀರಲ್ಲಿ ಕಬ್ಬಿಣದ ಅಂಶ ಇರ್ತದೆ, ಟ್ಯೂಬಿನ ಒಳಗೆ ಕೆಂಪು ಪೊರೆ ಕಟ್ತದೆ.

ಮಷಿನ್ ಓಡುವಾಗ ಬಿಟ್ಟು ಚಾ ಕುಡಿಲಿಕ್ಕೆ ಹೋಗುವ ಅಭ್ಯಾಸ ಇದ್ರೆ ಲೇಸರ್ ತಗೊಳ್ಳಬೇಡಿ. ಅಕ್ರಿಲಿಕ್ ಬೆಂಕಿ ಹಿಡಿತದೆ, ಕೊಯ್ಯುವ ಜಾಗಕ್ಕೆ ಗಾಳಿ ಊದುವ ಪೈಪ್ ಒಮ್ಮೆ ಜಾರಿದ್ರೆ ಸಾಕು. ಹತ್ತಿರದಲ್ಲೇ ಒಂದು ಫೈರ್ ಎಕ್ಸ್‌ಟಿಂಗ್ವಿಶರ್ ಇರಲಿ.

ಸಿಎನ್‌ಸಿಯದ್ದು ಬೇರೆಯೇ ಲೋಕ. 1325 ಅಂದ್ರೆ ಬೆಡ್ 1300×2500, ಪೂರ್ತಿ 8×4 ಶೀಟ್ ಹಾಗೇ ಮಲಗ್ತದೆ. ಎಸಿಪಿ, ಸನ್‌ಬೋರ್ಡ್, ಎಂಡಿಎಫ್ (ಮರದ ಹುಡಿ ಒತ್ತಿ ಮಾಡಿದ ಹಲಗೆ), ಡಬ್ಲ್ಯುಪಿಸಿ (ಮರದ ಹುಡಿ ಪ್ಲಾಸ್ಟಿಕ್ ಸೇರಿದ ಹಲಗೆ), ಅಕ್ರಿಲಿಕ್ ಎಲ್ಲ ತಿಂತದೆ. ಎಸಿಪಿಯ ಬಾಕ್ಸ್ ಬೋರ್ಡಿಗೆ ಕೊಯ್ಯುದು, ಮಡಚುವ ಗೆರೆ ಹಾಕುದು, ಸ್ಕ್ರೂ ತೂತು, ಎಲ್‌ಇಡಿಗೆ ಅಕ್ಷರದ ಕಿಂಡಿ, ನಾಲ್ಕೂ ಒಂದೇ ಸರ್ತಿ ಶೀಟ್ ಇಟ್ಟಲ್ಲಿ ಆಗ್ತದೆ, ಕೈಯಲ್ಲಿ ಅರ್ಧ ದಿನದ ಕೆಲಸ ಇಲ್ಲಿ ಅರ್ಧ ಗಂಟೆ. ದೊಡ್ಡ ಅಂಗಡಿ ಬೋರ್ಡು, ಪೆಟ್ರೋಲ್ ಬಂಕ್, ಶೋರೂಂ ಕೆಲಸ ಹಿಡಿಯುವವರಿಗೆ ಇದು ಇಲ್ಲದೆ ಆಗುದೇ ಇಲ್ಲ. ಬಿಟ್ ಸಿಂಗಲ್ ಫ್ಲೂಟ್ (ಒಂದೇ ಕೊಯ್ಯುವ ಅಂಚಿನದ್ದು) ಹಾಕಿ, ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ನಿಮಿಷಕ್ಕೆ 18,000 ಸುತ್ತಿನ ಹತ್ತಿರ ಇಟ್ಟು ಫೀಡ್ (ಬಿಟ್ ಮುಂದೆ ಹೋಗುವ ವೇಗ) ಸರಿ ಕೊಡಿ. ಸರಿ ಉಂಟಾ ಅಂತ ತಿಳಿಯುದು ಕೈಯಲ್ಲಿ, ಬಂದದ್ದು ಚಕ್ಕೆ ಚಕ್ಕೆ ಆಗಿ ಬೆರಳಿಗೆ ತಾಗಿದ್ರೆ ಸರಿ, ನೈಸ್ ಹುಡಿ ಬಂದ್ರೆ ಅಥವಾ ಅಂಟು ಅಂಟಾಗಿ ಬಂದ್ರೆ ಫೀಡ್ ಕಮ್ಮಿ ಆಯ್ತು ಅಂತ ಅರ್ಥ.

ತೊಂದರೆ ಎಂತ ಅಂದ್ರೆ ಶೀಟ್ ಹಿಡಿಯುದು, ಹುಡಿ, ಶಬ್ದ. ಹಿಡಿಯುದಕ್ಕೆ ವ್ಯಾಕ್ಯೂಮ್ ಬೆಡ್ ಇದ್ರೆ ಆರಾಮ, ಆದ್ರೆ ಅದರ ಪಂಪೇ ಐದಾರು ಕಿಲೋವ್ಯಾಟ್ ಎಳಿತದೆ, ತ್ರೀ ಫೇಸ್ ಬೇಕೇ ಬೇಕು. ಕ್ಲ್ಯಾಂಪಲ್ಲಿ ಹಿಡಿಯುವ ಟಿ ಸ್ಲಾಟ್ ಬೆಡ್ಡಾದ್ರೆ ಪಂಪ್ ಖರ್ಚಿಲ್ಲ, ಆದ್ರೆ ತೆಳು ಶೀಟ್ ನಡುವೆ ಉಬ್ಬಿ ಸಣ್ಣ ಅಕ್ಷರ ಹಾರಿ ಹೋಗ್ತದೆ, ಹಾಗಾಗಿ ಅಲ್ಲಲ್ಲಿ ಕೊಯ್ಯದೆ ಬಿಟ್ಟು ಆಮೇಲೆ ಕೈಯಲ್ಲಿ ಬಿಡಿಸ್ಬೇಕು. ಸನ್‌ಬೋರ್ಡಿನ ಹುಡಿ ಹತ್ತಿಯ ಹಾಗೆ ಹಾರಿ ಬೆವರಿದ ಮೈಗೆ ಅಂಟ್ತದೆ, ಪಕ್ಕದ ಅಂಗಡಿಯ ತಿಂಡಿಯ ಮೇಲೆ ಹೋಗಿ ಕೂತ್ರೆ ಜಗಳ ಗ್ಯಾರಂಟಿ, ಡಸ್ಟ್ ಕಲೆಕ್ಟರ್ ಮಷಿನಿನ ಜೊತೆಗೇ ತಗೊಳ್ಳಿ.

ಮತ್ತೊಂದು ಮಳೆಗಾಲದ ಸಂಗತಿ. ಬೆಡ್ಡಿನ ಮೇಲೆ ಹಾಕುವ ಎಂಡಿಎಫ್ ಹಲಗೆ ಇಲ್ಲಿಯ ತೇವಕ್ಕೆ ಉಬ್ತದೆ. ಮೇಯಲ್ಲಿ ಸರಿ ಮಾಡಿಟ್ಟ ಆಳ ಜುಲೈಯಲ್ಲಿ ಸರಿ ಇರುದಿಲ್ಲ. ಎಸಿಪಿ ಮಡಚುವ ಗೆರೆಯಲ್ಲಿ ಮುಂದಿನ ಅಲ್ಯೂಮಿನಿಯಂ ಪದರ, ಅದರ ಮೇಲೆ ಒಂಚೂರು ಪ್ಲಾಸ್ಟಿಕ್ ಉಳಿಸ್ಬೇಕು, ಹಲಗೆ ಅರ್ಧ ಎಂಎಂ ಉಬ್ಬಿದ್ರೆ ಬಿಟ್ ಮುಂದಿನ ಪದರಕ್ಕೇ ಇಳಿದು ಮಡಚುವಾಗ ಪಟ್ ಅಂತ ತುಂಡಾಗ್ತದೆ. ಮಳೆ ಶುರುವಾದ ಮೇಲೆ ಎರಡು ವಾರಕ್ಕೊಮ್ಮೆಯಾದ್ರೂ ಹಲಗೆಯ ಮೇಲ್ಮೈ ಒಂದು ಸರ್ತಿ ಹೆರೆದು ಬಿಟ್ಟಿನ ಆಳದ ಝೀರೋ ಮತ್ತೆ ಹಿಡಿಯಿರಿ. ರೈಲಿಗೆ, ಸ್ಕ್ರೂವಿಗೆ ಎಣ್ಣೆ ವಾರವಾರ, ಸಮುದ್ರದ ಗಾಳಿಗೆ ತುಕ್ಕು ಕಾಯುದಿಲ್ಲ.

ಜಾಗ ಅಳೆಯುವಾಗ ಮಷಿನಿನ ಸೈಜ್ ಮಾತ್ರ ಅಳಿಬೇಡಿ. 1325ಕ್ಕೆ ಸುತ್ತ ನಡೆಯುವ ಜಾಗ, ಶೀಟ್ ಏರಿಸುವ ಜಾಗ ಸೇರಿದ್ರೆ 18×12 ಅಡಿ ಬೇಕು, ಅದೂ ನೆಲ ಅಂತಸ್ತಲ್ಲಿ. 1390 ಲೇಸರಿಗೆ 10×10ರ ಕೋಣೆ ನಡಿತದೆ, ಆದ್ರೆ ಬಾಗಿಲು ನೋಡಿ, ಹಳೆ ಹಂಚಿನ ಕಟ್ಟಡದ ಮೂರಡಿ ಬಾಗಿಲಲ್ಲಿ ಹೆಚ್ಚಿನ ಮಷಿನ್ ಒಳಗೆ ಹೋಗುದಿಲ್ಲ, ಶಟರ್ ಇದ್ರೆ ಚಿಂತೆ ಇಲ್ಲ. ಹೊಗೆಯ ಪೈಪ್ ಯಾರ ಕಿಟಕಿಯ ಕಡೆಗೆ ಹೋಗ್ತದೆ ಅಂತ ಮೊದಲೇ ನೋಡಿಕೊಳ್ಳಿ, ಅಕ್ರಿಲಿಕ್ ಸುಟ್ಟ ವಾಸನೆ ಮೇಲಿನ ಮನೆಯವರು ಒಂದು ವಾರಕ್ಕಿಂತ ಜಾಸ್ತಿ ಸಹಿಸುದಿಲ್ಲ. ಕರೆಂಟಿಗೆ ಮೆಸ್ಕಾಂ ಆಫೀಸಲ್ಲಿ ಲೋಡ್ ಎಷ್ಟು, ತ್ರೀ ಫೇಸ್ ಕಂಬ ಎಲ್ಲಿ ತನಕ ಬಂದಿದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಅರ್ಥಿಂಗ್ ಹೊಸತು ಹಾಕಿಸಿ, ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಸರಿ ಹಿಡಿಯುದಿಲ್ಲ, ಗುಂಡಿಗೆ ಮಾರ್ಚಿನಿಂದ ವಾರಕ್ಕೊಮ್ಮೆ ನೀರು ಹೊಯ್ಯಿರಿ. ಕರೆಂಟ್ ಹೋಗುದು ನಮ್ಮಲ್ಲಿ ಮಾಮೂಲು, ಹೋದಲ್ಲಿಂದಲೇ ಮತ್ತೆ ಮುಂದುವರಿಸುವ ಸೌಲಭ್ಯ ಕಂಟ್ರೋಲರಲ್ಲಿ ಉಂಟಾ ಅಂತ ನೋಡಿ, ಇಲ್ಲದಿದ್ರೆ ಅರ್ಧ ಕೊಯ್ದ ಶೀಟ್ ಗುಜರಿಗೆ.

ಆನ್‌ಲೈನಲ್ಲಿ ಸಿಗುವ ನೀಲಿ ಬೆಳಕಿನ ಸಣ್ಣ ಡಯೋಡ್ ಲೇಸರ್ ಬೋರ್ಡಿನ ಕೆಲಸಕ್ಕೆ ಆಗುದಿಲ್ಲ, ಆ ಬೆಳಕು ಪಾರದರ್ಶಕ ಅಕ್ರಿಲಿಕ್ಕಿನ ಒಳಗಿಂದ ಹಾಗೇ ದಾಟಿ ಹೋಗ್ತದೆ. ವಿನೈಲ್ ಪ್ಲಾಟರ್ ಸ್ಟಿಕ್ಕರಿಗೆ ಮಾತ್ರ. ಸ್ಟೀಲ್ ಅಕ್ಷರಕ್ಕೆ ಫೈಬರ್ ಲೇಸರ್ ಬೇಕು, ಅದರ ಬೆಲೆಗೆ ತಿಂಗಳು ಪೂರ್ತಿ ಕೆಲಸ ಇರುವವರಿಗೆ ಮಾತ್ರ ಸರಿ, ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಿ ಕೂಲಿಗೆ ಕೊಯ್ಯಿಸಿ ತನ್ನಿ. ಜಿಐ ಶೀಟಿಗೆ ಶಿಯರಿಂಗ್ ಮಷಿನ್ ಇರುವ ಫ್ಯಾಬ್ರಿಕೇಶನ್‌ನವರ ಹತ್ರ ಹೋದ್ರೆ ಆಯ್ತು.

ಕೂಲಿಗೆ ಕೊಡುದಾ ಸ್ವಂತ ತಗೊಳ್ಳುದಾ ಅನ್ನುದಕ್ಕೆ ಲೆಕ್ಕ ಸುಲಭ. ಮಷಿನಿನ ತಿಂಗಳ ಕಂತು 18,000 ಅಂತ ಇಟ್ಟುಕೊಳ್ಳಿ, ಹೊರಗೆ ಲೇಸರ್ ಕೂಲಿ ನಿಮಿಷಕ್ಕೆ 12 ರೂಪಾಯಿ ಅಂತ ಇಟ್ಟುಕೊಳ್ಳಿ. 1,500 ನಿಮಿಷ, ಅಂದ್ರೆ ತಿಂಗಳಿಗೆ 25 ಗಂಟೆ ಕಟ್ಟಿಂಗ್ ಹೊರಗೆ ಕೊಡ್ತಾ ಇದ್ರೆ ಕಂತಿಗೆ ಮಾತ್ರ ಸಮ ಆಯ್ತು. ಅದರ ಮೇಲೆ ಕರೆಂಟ್, ಟ್ಯೂಬ್, ಒಬ್ಬ ಹುಡುಗನ ಸಂಬಳ. ಟ್ಯೂಬ್ ಅಂದ್ರೆ ಸವೆಯುವ ವಸ್ತು, ಅದನ್ನು ಬದಲಿಸುವ ಹಣ ತಿಂಗಳು ತಿಂಗಳು ಬೇರೆ ತೆಗೆದಿಡಿ. ನಿಮ್ಮ ಊರಿನ ನಿಜವಾದ ರೇಟ್ ಹಾಕಿ ಈ ಲೆಕ್ಕ ಒಂದು ಚೀಟಿಯಲ್ಲಿ ಮಾಡಿ, 40 ಗಂಟೆ ದಾಟಿದ್ರೆ ಸ್ವಂತ ತಗೊಳ್ಳಿ, 15ರ ಕೆಳಗೆ ಇದ್ರೆ ಬೇಡವೇ ಬೇಡ, ನಡುವೆ ಇದ್ರೆ ಆರು ತಿಂಗಳು ಕಾಯಿರಿ. ಹೊಸ ಘಟಕಕ್ಕೆ ಪಿಎಂಇಜಿಪಿ (ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಯೋಜನೆ) ಸಬ್ಸಿಡಿ ಸಾಲ ಸಿಗ್ತದಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ, ಆದ್ರೆ ಮೊದಲೇ ಮಷಿನ್ ತಗೊಂಡು ಆಮೇಲೆ ಅರ್ಜಿ ಹಾಕ್ಲಿಕ್ಕೆ ಹೋಗಬೇಡಿ. ಜಿಎಸ್‌ಟಿಯಲ್ಲಿ ರೆಗ್ಯುಲರ್ ಇದ್ರೆ ಮಷಿನಿನ ಟ್ಯಾಕ್ಸ್ ವಾಪಸ್ ಹಿಡಿಯಬಹುದು, ಕಾಂಪೊಸಿಷನ್‌ನವರಿಗೆ ಅದು ಇಲ್ಲ, ಬೆಲೆ ಹೋಲಿಸುವಾಗ ಇದನ್ನೂ ಸೇರಿಸಿ.

ನನ್ನ ಅಭಿಪ್ರಾಯ ಕೇಳಿದ್ರೆ, ಪೇಟೆಯ ನಡುವೆ ಸಣ್ಣ ಕೋಣೆ, ಮನೆ ಹೆಸರು, ಕ್ಲಿನಿಕ್, ಬಸ್ಸಿನ ಬೋರ್ಡು, ಮೆಮೆಂಟೋ ಇಂಥ ಕೆಲಸ ಜಾಸ್ತಿ ಇರುವವರು ಲೇಸರ್ ತಗೊಂಡು ಎಸಿಪಿಯನ್ನು ಕೈಯಲ್ಲಿ ಮಾಡಿ ಇಲ್ಲ ಹೊರಗೆ ಕೊಡಿ. ಹೆದ್ದಾರಿ ಬದಿಯಲ್ಲಿ ಶೆಡ್ ಇದ್ದು ದೊಡ್ಡ ಬೋರ್ಡು, ಸ್ಟೇಜಿನ ಸನ್‌ಬೋರ್ಡ್ ಜಾಸ್ತಿ ಇರುವವರು ಸಿಎನ್‌ಸಿ ತಗೊಂಡು ಸಣ್ಣ ಅಕ್ಷರವನ್ನು ಲೇಸರಿನವರಿಗೆ ಕೊಡಿ. ನಾನೂ ಹತ್ತಿರದ ಒಬ್ಬರೂ ಹೀಗೇ ಮಾಡಿಕೊಂಡಿದ್ದೇವೆ, ಅವರದ್ದು ಸಿಎನ್‌ಸಿ ನನ್ನದು ಲೇಸರ್, ಒಬ್ಬರದ್ದನ್ನು ಒಬ್ಬರು ಕೊಯ್ದು ಕೊಡ್ತೇವೆ, ಗಿರಾಕಿಯನ್ನು ಎಳಿಯುದಿಲ್ಲ. ಇಬ್ಬರೂ ಎರಡೆರಡು ಮಷಿನ್ ತಗೊಂಡಿದ್ರೆ ಇಬ್ಬರೂ ಸಾಲದಲ್ಲೇ ಇರ್ತಿದ್ದೆವು. ಎರಡರಲ್ಲಿ ಯಾವುದೂ ಸ್ಪಷ್ಟ ಆಗದಿದ್ರೆ, ಮೊದಲು ಲೇಸರ್ ಅಂತಲೇ ನಾನು ಹೇಳುದು, ಯಾಕಂದ್ರೆ ಎಸಿಪಿಯನ್ನು ಕೈಯಲ್ಲಿ ಹೇಗಾದ್ರೂ ಮಾಡಬಹುದು, ಎರಡು ಇಂಚಿನ "ಲಕ್ಷ್ಮೀ" ಅಕ್ಷರವನ್ನು ಕೈಯಲ್ಲಿ ಕೊಯ್ಯಲಿಕ್ಕೆ ಸಾಧ್ಯವೇ ಇಲ್ಲ.

ಮಾರುವವರ ಹತ್ರ ಕೇಳಬೇಕಾದ ಒಂದು ಪ್ರಶ್ನೆ: ಜುಲೈಯಲ್ಲಿ ಮಷಿನ್ ನಿಂತ್ರೆ ಯಾರು ಬರುದು, ಎಲ್ಲಿಂದ ಬರುದು? ಇಂಜಿನಿಯರ್ ಬೆಂಗಳೂರಲ್ಲಿ ಇದ್ದು ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಆತ ಬರುವಾಗ ನಿಮ್ಮ ಗಿರಾಕಿ ಬೇರೆ ಅಂಗಡಿಗೆ ಹೋಗಿರ್ತಾನೆ. ಲೆನ್ಸ್, ಕನ್ನಡಿ, ಬೆಲ್ಟ್, ಸಿಎನ್‌ಸಿಯಾದ್ರೆ ಬಿಟ್ ಕಚ್ಚಿ ಹಿಡಿಯುವ ಕಾಲೆಟ್, ಹತ್ತಿಪ್ಪತ್ತು ಬಿಟ್ ಮಳೆಗಾಲದ ಮೊದಲೇ ತಂದಿಡಿ. ಸೆಕೆಂಡ್ ಹ್ಯಾಂಡ್ ಲೇಸರ್ ನೋಡುವಾಗ ಟ್ಯೂಬಿನ ಮೇಲಿನ ತಾರೀಕು ಓದಿ, ಉಪಯೋಗಿಸದೆ ಇಟ್ರೂ ಟ್ಯೂಬ್ ಹಳೆದಾಗ್ತದೆ, ಮತ್ತೆ ಬೆಡ್ಡಿನ ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಒಂದೇ ಸೆಟ್ಟಿಂಗಲ್ಲಿ 5 ಎಂಎಂ ಅಕ್ರಿಲಿಕ್ ಕೊಯ್ಯಿಸಿ, ಒಂದು ಮೂಲೆಯಲ್ಲಿ ಕೊಯ್ಯದಿದ್ರೆ ಕನ್ನಡಿ ಸರಿ ಇಲ್ಲ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಸಿಎನ್‌ಸಿಯಲ್ಲಿ ಮೂರಡಿಯ ಚೌಕ ಕೊಯ್ಯಿಸಿ ಎರಡೂ ಕರ್ಣ ಅಳೆಯಿರಿ, ಒಂದು ಎಂಎಂಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ವಾಪಸ್ ಬನ್ನಿ.

ಡೆಮೊ ನೋಡ್ಲಿಕ್ಕೆ ಹೋಗುವಾಗ ಶೀಟ್ ನೀವೇ ತಗೊಂಡು ಹೋಗಿ, ನೀವು ದಿನಾ ತರುವ ಅಂಗಡಿಯದ್ದೇ. ಅವರು ತೋರಿಸುವ ಇಂಗ್ಲಿಷ್ ಅಕ್ಷರ, ನವಿಲಿನ ಡಿಸೈನ್ ನೋಡಿ ಬರಬೇಡಿ. ಪೆನ್‌ಡ್ರೈವಲ್ಲಿ "ಔಷಧಾಲಯ", "ಅಧ್ಯಕ್ಷರು" ಇಂಥ ಒಂದೆರಡು ಪದ 2 ಇಂಚು, 3 ಇಂಚು, 5 ಇಂಚಲ್ಲಿ ವೆಲ್ಡ್ ಮಾಡಿ ಹಾಕಿಕೊಂಡು ಹೋಗಿ ಅದನ್ನೇ ಕೊಯ್ಯಲಿಕ್ಕೆ ಹೇಳಿ, ಎಷ್ಟು ನಿಮಿಷ ಆಯ್ತು ಅಂತ ಮೊಬೈಲಲ್ಲಿ ನೋಡಿಕೊಳ್ಳಿ. ಅಡ್ವಾನ್ಸ್ ಅವತ್ತೇ ಕೊಡಬೇಡಿ. ಆ ತುಂಡುಗಳನ್ನು ಮನೆಗೆ ತಂದು ಅಂಚಿಗೆ ಕ್ಲೋರೋಫಾರ್ಮ್ ಹಾಕಿ ಎರಡು ತುಂಡು ಅಂಟಿಸಿ ಒಂದು ರಾತ್ರಿ ಇಡಿ, ಬೆಳಿಗ್ಗೆ ಬೆಳಕಿಗೆ ಹಿಡಿದು ಬಿರುಕು ಉಂಟಾ ನೋಡಿ, ಧ ಅಕ್ಷರದ ಸೀಳಿನ ಒಳಗೆ ಒಂದು ಪೇಪರ್ ತುಂಡು ತೂರಿಸಿ ನೋಡಿ, ಸಲೀಸಾಗಿ ಹೋದ್ರೆ ಮತ್ತೆ ಫೋನ್ ಮಾಡಿ ರೇಟ್ ಮಾತಾಡಿ.